ಹಳೆಯ ಒಲೆಗೆ ಹೊಸ ಒಡಲು



ದೀಪಾವಳಿ ಹತ್ತಿರ ಬಂತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ ಕಡೆಯ ಹಳ್ಳಿಮನೆಗಳಲ್ಲಿ ಬಚ್ಚಲಮೂಲೆಯಲ್ಲಿ ನೀರು ಕಾಸುವ ಬಂಬ ಅಂಗಳಕ್ಕೆ ಬರುತ್ತದೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದರೆ ತಾಮ್ರ ಕೆಂಪಗೆ ಹೊಳೆಯುತ್ತದೆ. ಹಬ್ಬದ ಎಣ್ಣೆಸ್ನಾನಕ್ಕೆ ನೀರು ಕಾಯುವುದು ಅದರಲ್ಲೇ. ಅದೇ ಸೀಮೆಯ ಹುಲಜಂತಿಯಲ್ಲಂತೂ ಆ ದಿನಗಳಲ್ಲಿ ಮಹಾಲಿಂಗರಾಯನ ಜಾತ್ರೆ. ಬೇರೆ ಬೇರೆ ಊರುಗಳ ದೇವರ ಪಲ್ಲಕ್ಕಿಗಳು ಅಲ್ಲಿ ಕೂಡುತ್ತವೆ, ಭಂಡಾರದ ಅರಿಶಿನ ಹಾರಿ ಬಯಲೆಲ್ಲ ಹಳದಿಯಾಗುತ್ತದೆ, ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬಂದಿಳಿಯುತ್ತಾರೆ. ಊರ ಮನೆಗಳಿಗೆ ಬೀಗರು, ನೆಂಟರು. ಬಂದವರಿಗೆ ಬಿಸಿನೀರು ಬೇಕು, ರೊಟ್ಟಿ ಬೇಕು. ಎರಡಕ್ಕೂ ಬೆಂಕಿ ಬೇಕು.

ಬಂಬವನ್ನು ಒಮ್ಮೆ ಒಳಗಿನಿಂದ ನೋಡಬೇಕು. ನಡುವೆ ನೆಟ್ಟಗೆ ನಿಂತ ಕೊಳವೆ, ಅದರ ಸುತ್ತ ನೀರು, ಕೊಳವೆಯ ತಳದಲ್ಲಿ ಒಂದು ಜಾಳಿ. ಮೇಲಿನಿಂದ ಕಟಗಿಯ ಚೂರು, ಕುಳ್ಳು, ತೆಂಗಿನ ಕರಟ ಹಾಕುತ್ತಾರೆ. ಬೆಂಕಿ ಜಾಳಿಯ ಮೇಲೆ ಉರಿಯುತ್ತದೆ, ಬೂದಿ ಕೆಳಗೆ ಉದುರುತ್ತದೆ, ಗಾಳಿ ಕೆಳಗಿನಿಂದ ಏರುತ್ತದೆ. ಕೆಲವು ವರ್ಷ ಉರಿದ ಮೇಲೆ ಜಾಳಿ ಸುಟ್ಟು ಬಾಗುತ್ತದೆ. ಹಾಗೆಂದು ಯಾರೂ ಬಂಬವನ್ನು ಭಂಗಾರದ, ಅಂದರೆ ಗುಜರಿಯ, ಅಂಗಡಿಗೆ ಹಾಕುವುದಿಲ್ಲ. ಪೇಟೆಗೆ ಹೋದಾಗ ಹೊಸ ಜಾಳಿ ತರುತ್ತಾರೆ. ನಡುಕೊಳವೆ ಸೋರಿದರೆ ತಾಂಬಟರ ಕೈಯಲ್ಲಿ ಬೆಸುಗೆ ಹಾಕಿಸುತ್ತಾರೆ. ಅಜ್ಜಿಯ ಮದುವೆಯಲ್ಲಿ ಬಂದ ಬಂಬ ಮೊಮ್ಮಗಳ ಬಾಣಂತನಕ್ಕೂ ನೀರು ಕಾಸಿಕೊಡುತ್ತದೆ.

ಅದೇ ಮನೆಯ ಅಡುಗೆಕೋಣೆಗೆ ಬಂದರೆ ಲೆಕ್ಕ ಬೇರೆ. ಸರಕಾರದ ಯೋಜನೆಯಲ್ಲಿ ಎಂದೋ ಹಾಕಿಸಿದ ಹೊಗೆಕೊಳವೆಯ ಒಲೆ ಮೂಲೆಯಲ್ಲಿ ತಣ್ಣಗೆ ಕೂತಿರುತ್ತದೆ, ಅದರ ಮೇಲೆ ಹಿಟ್ಟಿನ ಡಬ್ಬಿ ಇರುತ್ತದೆ. ಪಕ್ಕದಲ್ಲಿ ಮೂರು ಕಲ್ಲೋ ಮಣ್ಣಿನ ಒಲೆಯೋ ಉರಿಯುತ್ತಿರುತ್ತದೆ.

“ಅತ್ತಿ, ಒಲಿ ಇವತ್ತೂ ಭಾಳ ಹೊಗಿ ಬಿಡ್ಲಾಕ ಹತ್ಯಾದ.”

“ಕಟಗಿ ಹಸಿ ಅವ, ಊದುಗೊಳವಿ ತಗೊಂಡು ಊದವಾ.”

ಈ ಮಾತು ಯಾವುದೋ ಒಂದು ಮನೆಯದಲ್ಲ. ಗಡಿಯ ಈಚೆ ಆಚೆ ಎಷ್ಟೋ ಅಡುಗೆಕೋಣೆಗಳಲ್ಲಿ ಬೆಳಗಾಗುವುದೇ ಇದರಿಂದ. ಕಟಗಿಯ ಮೇಲೆ ತಪ್ಪು ಹೊರಿಸುವುದು ಸುಲಭ. ತಪ್ಪು ಅರ್ಧ ಕಟಗಿಯದಾದರೆ ಇನ್ನರ್ಧ ಒಲೆಯ ಒಡಲಿನದು. ಬಂಬಕ್ಕೆ ಜಾಳಿ ಬದಲಿಸುವ ಕೈ, ಒಲೆಯ ವಿಷಯದಲ್ಲಿ ಅದೇ ಕೆಲಸ ಮಾಡದೆ ಹೊಗೆಯನ್ನು ಹಣೆಬರಹವೆಂದು ಒಪ್ಪಿಕೊಂಡುಬಿಟ್ಟಿದೆ. ಇಂದಿನ ಮಾತು ಇದರ ಬಗ್ಗೆ.

ಒಲೆಯ ಹೊರಮೈಗೆ ನಮ್ಮಲ್ಲಿ ಆರೈಕೆಗೆ ಕೊರತೆಯಿಲ್ಲ. ಅಮಾವಾಸ್ಯೆಗೆ, ಹಬ್ಬಕ್ಕೆ ಮಣ್ಣು ಸಗಣಿ ಕಲಸಿ ಸಾರಿಸುತ್ತಾರೆ, ಕುಂಕುಮ ಇಡುತ್ತಾರೆ. ಆದರೆ ಸಾರಿಸಿದ ಪ್ರತಿ ಪದರವೂ ಒಂದಿಷ್ಟು ದಪ್ಪ ಏರಿಸುತ್ತದೆ. ವರ್ಷಗಳು ಕಳೆದಂತೆ ಒಲೆಯ ಬಾಯಿ ಕಿರಿದಾಗುತ್ತದೆ, ಪಾತ್ರೆ ಕೂರುವ ಕಣ್ಣು ಮೇಲೇರುತ್ತದೆ, ಗಾಳಿ ಹೋಗುವ ದಾರಿ ಇಕ್ಕಟ್ಟಾಗುತ್ತದೆ. ಅಳತೆ ಹಿಡಿದು ಕಟ್ಟಿದ ಒಲೆ ತನ್ನ ಅಳತೆಯನ್ನೇ ಕಳೆದುಕೊಳ್ಳುತ್ತದೆ. ಹೊರಗೆ ಅಂದ, ಒಳಗೆ ಉಸಿರುಗಟ್ಟು. ಒಳಗೆ ಕೈ ಹಾಕಿ ನೋಡುವವರು ಕಡಿಮೆ, ಏಕೆಂದರೆ ಅಲ್ಲಿರುವುದು ಮಸಿ.

ಒಳಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ಮುಂದಿನದು ಸಲೀಸು. ಕಟಗಿ ನೇರವಾಗಿ ಉರಿಯುವುದಿಲ್ಲ. ಕಾದ ಕಟಗಿಯಿಂದ ಅನಿಲ ಹೊರಡುತ್ತದೆ; ಒಣ ಕಟಗಿಯ ತೂಕದ ಮುಕ್ಕಾಲು ಭಾಗಕ್ಕೂ ಹೆಚ್ಚು ಹೀಗೆ ಅನಿಲವಾಗಿ ಹೋಗಬಲ್ಲದು. ನಾವು ಉರಿ ಎನ್ನುವುದು ಆ ಅನಿಲ ಉರಿಯುವುದನ್ನು. ಉಳಿದದ್ದು ಕೆಂಡ. ಅನಿಲ ಪೂರ್ತಿ ಉರಿಯಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಬೇಕು, ಸಾಕಷ್ಟು ಗಾಳಿ ಬೇಕು, ಗಾಳಿಯೂ ಅನಿಲವೂ ಬೆರೆಯಲು ತುಸು ಹೊತ್ತು, ತುಸು ಜಾಗ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಅನಿಲ ಉರಿಯದೆ ಹೊಗೆಯಾಗಿ ಕಣ್ಣಿಗೂ ಎದೆಗೂ ನುಗ್ಗುತ್ತದೆ. ಹಸಿ ಕಟಗಿಯಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗಿ ಏಳುವಾಗ ಉರಿಯನ್ನು ತಣಿಸುತ್ತದೆ, ತಣಿದ ಉರಿ ಹೊಗೆ ಉಗುಳುತ್ತದೆ. ಬೂದಿ ತುಂಬಿದ ಒಲೆಯಲ್ಲಿ ಗಾಳಿ ಕೆಂಡಕ್ಕೆ ಮುಟ್ಟುವುದೇ ಇಲ್ಲ. ಊದುಗೊಳವೆ ಹಿಡಿದು ಊದುವ ಹೆಣ್ಣುಮಗಳು ಜಾಳಿ ಮಾಡಬೇಕಾದ ಕೆಲಸವನ್ನು ತನ್ನ ಉಸಿರಿನಿಂದ ಮಾಡುತ್ತಿರುತ್ತಾಳೆ.

ಈ ಸೀಮೆಯ ಉರುವಲನ್ನೂ ಗಮನಿಸಬೇಕು. ಎರೆಹೊಲದ ನಾಡಿದು. 2016ರಲ್ಲಿ ಭೌಗೋಳಿಕ ಗುರುತು ಪಡೆದ ಮಂಗಳವೇಢೆಯ ಜೋಳ ಬೆಳೆಯುವ ನೆಲ. ಕಾಡು ಕಡಿಮೆ. ಒಲೆಗೆ ಬೀಳುವುದು ತೊಗರಿ ಕಟಗಿ, ಹತ್ತಿ ಕಟಗಿ, ಬಳ್ಳಾರಿ ಜಾಲಿ, ಕುಳ್ಳು. ತೊಗರಿ, ಹತ್ತಿಯ ಕಟಗಿ ಹಗುರ. ಭಗ್ಗನೆ ಹೊತ್ತಿ ಬೇಗ ತೀರುತ್ತವೆ, ಅವಕ್ಕೆ ಗಾಳಿ ಸರಾಗ ಬೇಕು. ಜಾಲಿ ಗಟ್ಟಿ, ಒಳ್ಳೆಯ ಕೆಂಡ ಕೊಡುತ್ತದೆ. ಕುಳ್ಳಿನ ಸಂಗತಿ ಬೇರೆ: ಒಳ್ಳೆಯ ಕಟಗಿ ನೂರಕ್ಕೆ ಒಂದೆರಡು ಪಾಲು ಬೂದಿ ಬಿಟ್ಟರೆ ಕುಳ್ಳು ಐದರಲ್ಲಿ ಒಂದು ಪಾಲಿನಷ್ಟು ಬೂದಿ ಬಿಡುತ್ತದೆ. ಅಂದರೆ ಕುಳ್ಳು ಉರಿಸುವ ಮನೆಗೆ ಜಾಳಿಯೂ ಅದರ ಕೆಳಗೆ ಬೂದಿಗೂಡೂ ಇರಲೇಬೇಕು.

ಒಲೆಯ ಒಡಲನ್ನು ತಿದ್ದಬೇಕೆಂಬ ಯೋಚನೆ ಹೊಸದಲ್ಲ. ವಾರ್ಧಾದ ಮಗನವಾಡಿಯಿಂದ ಮಗನ ಚೂಲ ಎಂಬ ಒಲೆ ಬಂತು. ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಡಾ. ಎಸ್. ಪಿ. ರಾಜು ಹೊಗೆಕೊಳವೆಯ ಒಲೆ ರೂಪಿಸಿ, ಹೊಗೆಯಿಲ್ಲದ ಅಡುಗೆಮನೆ ಕೋಟಿ ಜನಕ್ಕೆ ಸಿಗಬೇಕೆಂದು 1953ರಲ್ಲಿ ಒಂದು ಪುಸ್ತಿಕೆಯನ್ನೇ ಬರೆದರು. ಕನ್ನಡಿಗರ ಪಾಲಿಗೆ ದೊಡ್ಡ ಹೆಸರು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಕೇಂದ್ರ, ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಹಳ್ಳಿಯ ಜೊತೆ ಕೂತು ಕೆಲಸ ಮಾಡಿತು. ಹಳ್ಳಿಯ ಶಕ್ತಿಯ ಲೆಕ್ಕ ತೆಗೆದಾಗ ಸಿಂಹಪಾಲು ಅಡುಗೆಯ ಸೌದೆಯದೇ ಎಂದು ಕಂಡಿತು. ಲೋಕ್ರಸ್, ಸುಧಾಕರ ಬಾಬು, ಜಗದೀಶ್ ಮೊದಲಾದವರ ಕೈಯಲ್ಲಿ 1980ರ ದಶಕದ ಮೊದಲಿಗೆ ಮೂರು ಪಾತ್ರೆಯ ಒಲೆ ರೂಪುಗೊಂಡಿತು.

ಅಸ್ತ್ರ ಒಲೆಯ ಹೊರಗೆ ನೋಡಿದರೆ ಇಟ್ಟಿಗೆ ಮಣ್ಣಿನ ಕಟ್ಟೆ, ಮೂರು ಕಣ್ಣು, ಒಂದು ಹೊಗೆಕೊಳವೆ, ಅಷ್ಟೆ. ಮರ್ಮವೆಲ್ಲ ಒಳಗೆ. ಸುತ್ತ ಮುಚ್ಚಿದ ಉರಿಗೂಡು, ತಳದಲ್ಲಿ ಜಾಳಿ, ಗಾಳಿಗೆ ಅಳೆದಿಟ್ಟ ದಾರಿ, ಪಾತ್ರೆಗಳು ಕಣ್ಣಿನೊಳಕ್ಕೆ ಇಳಿದು ಕೂರುವ ರೀತಿ, ಒಂದು ಪಾತ್ರೆಯ ತಳದಿಂದ ಇನ್ನೊಂದರ ತಳಕ್ಕೆ ಬಿಸಿಗಾಳಿಯನ್ನು ಎಬ್ಬಿಸಿ ತಾಗಿಸುವ ದಿಬ್ಬ. ಹಳೆಯ ಒಲೆಗಳಲ್ಲಿ ಕಾವಿನ ಹತ್ತರಲ್ಲಿ ಒಂದು ಪಾಲೂ ಪಾತ್ರೆಗೆ ಸರಿಯಾಗಿ ತಲುಪದೆ ಹೋಗುತ್ತಿದ್ದ ಕಾಲದಲ್ಲಿ, ಪ್ರಯೋಗಶಾಲೆಯಲ್ಲಿ ಈ ಒಲೆ ಶೇ. 40ರ ಆಸುಪಾಸು ಮುಟ್ಟಿತು.

ಕೇಂದ್ರ ಸರಕಾರದ ಸುಧಾರಿತ ಒಲೆ ಕಾರ್ಯಕ್ರಮ 1983ರ ಸುಮಾರಿಗೆ ಮೊದಲಾಗಿ 2002ರವರೆಗೆ ನಡೆಯಿತು. ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಹಾಕಿದ ಲೆಕ್ಕವಿದೆ. ಮಹಾರಾಷ್ಟ್ರದಲ್ಲಿ ಡಾ. ಆನಂದ ಕರ್ವೆ ಅವರು ಪುಣೆಯಲ್ಲಿ 1996ರಲ್ಲಿ ಕಟ್ಟಿದ ಆರತಿ ಸಂಸ್ಥೆ ಈ ಕೆಲಸಕ್ಕೆ ತಾಂತ್ರಿಕ ಬೆಂಬಲ ಕೊಟ್ಟಿತು. ಎರಡು ಕಣ್ಣಿನ, ಹೊಗೆಕೊಳವೆಯ ಲಕ್ಷ್ಮಿ ಚೂಲ ಅಚ್ಚಿನಲ್ಲಿ ಎರಕವಾಗಿ ಬಂತು. ಅಚ್ಚು ಇದ್ದರೆ ಅಳತೆ ತಪ್ಪುವುದಿಲ್ಲವಲ್ಲ, ಆದ್ದರಿಂದ ಕುಂಬಾರನೂ ಗೌಂಡಿಯೂ ಇದನ್ನು ಮಾಡಿ ಮಾರಬಹುದಾಯಿತು.

ಇಷ್ಟೆಲ್ಲ ಆಗಿಯೂ ಒಲೆಗಳ ಮೇಲೆ ಹಿಟ್ಟಿನ ಡಬ್ಬಿ ಕೂತದ್ದೇಕೆ? ಎಷ್ಟು ಒಲೆ ಹಾಕಿದೆವು ಎಂಬುದನ್ನು ಎಣಿಸಿದರು. ಹಾಕಿದ ಒಲೆಯ ಜಾಳಿ ಮೂರು ವರ್ಷದ ಮೇಲೆ ಸುಟ್ಟಾಗ ಹೊಸದು ಎಲ್ಲಿ ಸಿಗಬೇಕು, ಕೊಳವೆ ಕಟ್ಟಿಕೊಂಡಾಗ ಯಾರು ಬರಬೇಕು ಎಂಬುದಕ್ಕೆ ಅಷ್ಟು ಗಟ್ಟಿಯಾದ ಏರ್ಪಾಡು ಇರಲಿಲ್ಲ. ಒಡಿಶಾದಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿದೆ. ರೇಮಾ ಹನ್ನಾ, ಮೈಕೆಲ್ ಗ್ರೀನ್‌ಸ್ಟೋನ್, ಮುಂದೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಸ್ತರ್ ಡಫ್ಲೊ, ಈ ಮೂವರು ಎರಡೂವರೆ ಸಾವಿರಕ್ಕೂ ಹೆಚ್ಚು ಮನೆಗಳನ್ನು ನಾಲ್ಕು ವರ್ಷದವರೆಗೆ ಹಿಂಬಾಲಿಸಿದರು. ಹೊಗೆಕೊಳವೆಯ ಮಣ್ಣಿನ ಒಲೆ ಬಂದ ಮೊದಲ ವರ್ಷ ಅಡುಗೆ ಮಾಡುವವರ ಎದೆಗೆ ಹೋಗುವ ಹೊಗೆ ಕಡಿಮೆಯಾಯಿತು. ಆಮೇಲೆ ಆ ಲಾಭ ಉಳಿಯಲಿಲ್ಲ. ಒಲೆ ಒಡೆಯಿತು, ದುರಸ್ತಿ ಆಗಲಿಲ್ಲ, ಬಳಕೆ ಇಳಿಯಿತು. 2012ರಲ್ಲಿ ಹೊರಬಂದ ಈ ವರದಿಯನ್ನು ಕೆಲವರು ಒಲೆಯ ಯೋಜನೆಯೇ ದಂಡ ಎಂದು ಓದಿದರು. ಅದನ್ನು ಹಾಗೆ ಓದಬೇಕಾಗಿಲ್ಲ. ಮೊದಲ ವರ್ಷ ಒಲೆ ಕೆಲಸ ಮಾಡಿತ್ತು ಎಂಬುದೂ ಅದೇ ವರದಿಯಲ್ಲಿದೆ. ಸೋತದ್ದು ಎರಡನೆಯ ವರ್ಷದ ಆರೈಕೆ.

ಸರಿ, ಹುಲಜಂತಿಯಂಥ ಊರಿನಲ್ಲಿ ಅಂಥ ಒಂದು ಕೈಬಿಟ್ಟ ಒಲೆ ಇದೆ ಎಂದಿಟ್ಟುಕೊಳ್ಳೋಣ. ಅದನ್ನು ಮತ್ತೆ ಉರಿಸುವ ಕೆಲಸ ಎರಡು ದಿನದ್ದು, ಮಣ್ಣು ನೆನೆಯುವ, ಒಣಗಲು ಬಿಡುವ ದಿನ ಬೇರೆ.

ಮೊದಲು ಒಲೆಯನ್ನು ಬರಿದು ಮಾಡಬೇಕು. ಬೂದಿ, ಹಳೆಯ ಇದ್ದಲು, ಇಲಿ ತಂದಿಟ್ಟ ಕಸ ಎಲ್ಲ ಹೊರಗೆ. ಬ್ಯಾಟರಿ ಹಿಡಿದು ಉರಿಗೂಡಿನ ಗೋಡೆ ನೋಡಬೇಕು, ಎರಡು ಕಣ್ಣುಗಳ ನಡುವಿನ ಸುರಂಗಕ್ಕೆ ಕೈ ಹಾಕಬೇಕು. ಒಲೆ ಕೆಟ್ಟಿದೆ ಎಂದು ಬಿಟ್ಟ ಎಷ್ಟೋ ಕಡೆ ಕೆಟ್ಟದ್ದು ಏನೂ ಇರುವುದಿಲ್ಲ. ಸುರಂಗದಲ್ಲಿ ಮುಷ್ಟಿ ಮುಷ್ಟಿ ಮಸಿ ತುಂಬಿರುತ್ತದೆ. ಆಮೇಲೆ ಕೊಳವೆ. ಉದ್ದನೆಯ ಬಿದಿರಿನ ತುದಿಗೆ ಗೋಣಿತಾಟಿನ ಚೆಂಡು ಕಟ್ಟಿ ಮಾಳಿಗೆಯ ಮೇಲಿನಿಂದ ಇಳಿಬಿಟ್ಟು ಆಡಿಸಿದರೆ ಮಸಿ ಕೆಳಗೆ ಬೀಳುತ್ತದೆ. ಹಸಿ ಕಟಗಿ ಉರಿಸಿದ ಮನೆಯ ಕೊಳವೆಯಲ್ಲಿ ಒಣಮಸಿಯ ಜೊತೆ ಡಾಂಬರಿನಂಥ ಜಿಗುಟು ಅಂಟಿರುತ್ತದೆ. ಅದನ್ನು ಕೆರೆದು ತೆಗೆಯಬೇಕು. ಬಿಟ್ಟರೆ ಅದೇ ಒಂದು ದಿನ ಕೊಳವೆಯೊಳಗೆ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಒಂದು ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಗೆ ಹಿಡಿದು ನೋಡಬೇಕು. ಹೊಗೆಯ ಎಳೆ ಒಳಕ್ಕೆ ಬಾಗಿ ಹೋದರೆ ಒಲೆ ಉಸಿರಾಡುತ್ತಿದೆ ಎಂದರ್ಥ. ಹೊರಕ್ಕೆ ತೇಲಿದರೆ ದಾರಿ ಇನ್ನೂ ಎಲ್ಲೋ ಕಟ್ಟಿದೆ, ಇಲ್ಲವೆ ಕೊಳವೆ ಮಾಳಿಗೆಗಿಂತ ಸಾಕಷ್ಟು ಮೇಲೆದ್ದಿಲ್ಲ. ಮಾಳಿಗೆಯ ಮಟ್ಟದಿಂದ ಎರಡು ಅಡಿಯಾದರೂ ಮೇಲೆ ಇರಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಳೆಯ ಯೋಜನೆಯ ಎಷ್ಟೋ ಒಲೆಗಳಿಗೆ ಹಾಕಿದ್ದು ಆಸ್ಬೆಸ್ಟಾಸ್ ಬೆರೆತ ಸಿಮೆಂಟಿನ ಪೈಪು. ಅದನ್ನು ಗರಗಸದಿಂದ ಕೊಯ್ಯಬಾರದು, ಒಡೆದು ಪುಡಿ ಮಾಡಬಾರದು. ಆ ಧೂಳು ಶ್ವಾಸಕೋಶಕ್ಕೆ ಕೇಡು. ಪೈಪು ಬಿರುಕು ಬಿಟ್ಟಿದ್ದರೆ ನೀರು ಚಿಮುಕಿಸಿ ಇಡಿಯಾಗಿಯೇ ಬಿಚ್ಚಿ, ಬದಲಿಗೆ ಸುಟ್ಟ ಮಣ್ಣಿನ ಕೊಳವೆಯನ್ನೋ ತಗಡಿನ ಕೊಳವೆಯನ್ನೋ ನಿಲ್ಲಿಸುವುದು ಒಳ್ಳೆಯದು.

ಈಗ ಜಾಳಿ. ಹಳೆಯ ಜಾಳಿ ಸಿಕ್ಕಿದರೆ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದುಕೊಂಡರೆ ಅಳತೆ ಸಿಕ್ಕಿತು. ಕಂಬಾರರು ಮನೆ ಕಟ್ಟುವ ಸಲಾಕೆಯ ತುಂಡುಗಳನ್ನು ಬೆಸೆದು ಜಾಳಿ ಮಾಡಿಕೊಡುತ್ತಾರೆ. ಕೆಲಸ ನಡೆಯುತ್ತದೆ, ಬಾಳಿಕೆ ಕಡಿಮೆ. ಕೆಂಪಗೆ ಕಾದ ಸಲಾಕೆ ಪೊರೆಪೊರೆಯಾಗಿ ಉದುರುತ್ತ ತೆಳ್ಳಗಾಗುತ್ತದೆ, ಬಾಗುತ್ತದೆ. ಬೀಡುಕಬ್ಬಿಣದ ಜಾಳಿ ಹೆಚ್ಚು ದಿನ ನಿಲ್ಲುತ್ತದೆ. ಅದು ಹೊಸದೇ ಆಗಬೇಕೆಂದಿಲ್ಲ. ಸೊಲ್ಲಾಪುರದಂಥ ಊರಿನ ಭಂಗಾರದ ಅಂಗಡಿಯಲ್ಲಿ ಹಳೆಯ ಬೀಡಿನ ತುಂಡು ಹುಡುಕಿದರೆ ಸಿಕ್ಕೀತು. ಸಲಾಕೆಗಳ ನಡುವೆ ಕಿರುಬೆರಳು ತೂರುವಷ್ಟು ಸಂದು ಇರಲಿ: ಬೂದಿ ಬೀಳಬೇಕು, ಕೆಂಡ ನಿಲ್ಲಬೇಕು. ಜಾಳಿಯನ್ನು ಗೋಡೆಗೆ ಬಿಗಿಯಾಗಿ ಬಡಿದು ಕೂರಿಸುವುದು ತಪ್ಪು. ಒಂದು ಅಡಿ ಉದ್ದದ ಕಬ್ಬಿಣ 500 ಡಿಗ್ರಿ ಕಾದರೆ ಸುಮಾರು ಎರಡು ಮಿಲಿಮೀಟರ್ ಬೆಳೆಯುತ್ತದೆ. ಬೆಳೆಯಲು ಜಾಗವಿಲ್ಲದಿದ್ದರೆ ಜಾಳಿ ಡೊಂಕಾಗುತ್ತದೆ, ಇಲ್ಲವೆ ಗೋಡೆ ಸೀಳುತ್ತದೆ. ಎರಡೂ ಕಡೆ ಸಣ್ಣ ಚಾಚಿನ ಮೇಲೆ ಸುಮ್ಮನೆ ಇಟ್ಟಿರಬೇಕು, ಬೇಕೆಂದಾಗ ಎತ್ತುವಂತಿರಬೇಕು. ಜಾಳಿಗೂ ಪಾತ್ರೆಯ ತಳಕ್ಕೂ ನಡುವೆ ಒಂದು ಗೇಣಿನಷ್ಟು ಅಂತರ ಸಾಕು. ತೀರ ಹತ್ತಿರವಾದರೆ ಉರಿ ತಣ್ಣನೆಯ ತಳಕ್ಕೆ ಬಡಿದು ಮಸಿಯಾಗುತ್ತದೆ, ತೀರ ದೂರವಾದರೆ ಕಾವು ಗೋಡೆಗೆ ಹೋಗುತ್ತದೆ.

ಉರಿಗೂಡಿನ ಒಳಗೋಡೆಯೇ ಈ ಕೆಲಸದ ಹೃದಯ. ಬಹಳ ಜನ ಇಲ್ಲಿ ಸಿಮೆಂಟ್ ಮೆತ್ತುತ್ತಾರೆ. ಸಿಮೆಂಟ್ ಗಟ್ಟಿ, ನಿಜ. ಆದರೆ ನಾಲ್ಕೈದು ನೂರು ಡಿಗ್ರಿ ದಾಟಿದರೆ ಅದರ ಕಟ್ಟು ಸಡಿಲಿ ಪದರ ಪದರವಾಗಿ ಉದುರುತ್ತದೆ. ಹೊರಮೈಗೆ ಸಿಮೆಂಟ್ ಇರಲಿ, ಉರಿ ಮುಟ್ಟುವಲ್ಲಿ ಬೇಡ. ಹೊಲದ ಎರೆಮಣ್ಣೂ ಇಲ್ಲಿ ಒಗ್ಗದು. ನೀರು ಕುಡಿದು ಉಬ್ಬಿ, ಒಣಗಿ ಕುಗ್ಗುವುದು ಅದರ ಗುಣ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವ ಹಾಗೆಯೇ ಒಲೆಯೂ ಬಾಯಿಬಿಡುತ್ತದೆ. ಹುತ್ತದ ಮಣ್ಣು, ಇಲ್ಲವೆ ಮಾಳಿಗೆಗೆ ಹಾಕುವ ಬಿಳಿಮಣ್ಣು ತಂದು, ಹೊಟ್ಟು, ಬೂದಿ, ಸಗಣಿ ಬೆರೆಸಿ, ಎರಡು ದಿನ ನೆನೆಯಿಟ್ಟು ತುಳಿದು ಹದ ಮಾಡಬೇಕು. ಹೊಟ್ಟು ಬೆರೆಸುವುದಕ್ಕೆ ಕಾರಣವಿದೆ. ಒಲೆ ಉರಿದಾಗ ಆ ಹೊಟ್ಟು ಸುಟ್ಟು ಹೋಗಿ ಮಣ್ಣಿನಲ್ಲಿ ಸಣ್ಣ ಸಣ್ಣ ಪೊಳ್ಳು ಉಳಿಯುತ್ತವೆ; ಪೊಳ್ಳಿನ ಗಾಳಿ ಕಾವನ್ನು ಹೊರಗೆ ಬಿಡುವುದಿಲ್ಲ. ಗೋಡೆ ಕಾವು ಕುಡಿಯದಿದ್ದರೆ ಉರಿಗೂಡು ಬೇಗ ಬಿಸಿಯೇರುತ್ತದೆ, ಬೇಗ ಬಿಸಿಯೇರಿದರೆ ಹೊಗೆ ಅಲ್ಲಿಯೇ ಉರಿದುಹೋಗುತ್ತದೆ.

ಬೇಕರಿಯ ಭಟ್ಟಿಗೆ, ಚುರಮುರಿ ಭಟ್ಟಿಗೆ ಹಾಕುವ ಬೆಂಕಿ ಇಟ್ಟಿಗೆ ಹಾಕಿದರೆ ಹೇಗೆ ಎಂದು ಕೇಳುವವರಿದ್ದಾರೆ. ಅದು ಬಾಳಿಕೆ ಬರುತ್ತದೆ. ಆದರೆ ಭಟ್ಟಿ ಹಗಲೆಲ್ಲ ಉರಿಯುತ್ತದೆ, ಮನೆಯ ಒಲೆ ಗಂಟೆಯೋ ಎರಡು ಗಂಟೆಯೋ. ಭಾರವಾದ ಇಟ್ಟಿಗೆ ತಾನು ಕಾಯುವುದಕ್ಕೇ ಒಂದು ಹೊರೆ ಕಟಗಿ ತಿನ್ನುತ್ತದೆ. ಕಟಗಿ ತಾಗಿ ತಾಗಿ ಸವೆಯುವ ಬಾಯಿಯ ಅಂಚಿಗೆ ಎರಡು ತುಂಡು ಇಟ್ಟು ಉಳಿದದ್ದಕ್ಕೆ ಹೊಟ್ಟಿನ ಮಣ್ಣು ಮೆತ್ತಿದರೆ ಸಾಕು. ಈ ಒಳಪದರ ಎರಡು ಬೆರಳಿನ ದಪ್ಪ ಇರಲಿ. ವರ್ಷಕ್ಕೊಮ್ಮೆ ಕೆರೆದು ಹೊಸದು ಹಾಕುವಂಥದ್ದು ಅದು, ಶಾಶ್ವತವಾಗಬೇಕಿಲ್ಲ.

ಪಾತ್ರೆ ಕೂರುವ ಕಣ್ಣಿನ ಅಂಚನ್ನು ಮನೆಯ ಪಾತ್ರೆಯನ್ನೇ ಇಟ್ಟು ತಿದ್ದಬೇಕು. ಹಸಿಮಣ್ಣಿನ ಮೇಲೆ ಪಾತ್ರೆ ಒತ್ತಿ ತುಸು ತಿರುಗಿಸಿ ತೆಗೆದರೆ ಅದರ ಅಚ್ಚೇ ಮೂಡುತ್ತದೆ. ಸಂದು ಉಳಿದರೆ ಅಲ್ಲಿಂದ ಹೊಗೆ ಬರುತ್ತದೆ. ಎರಡನೆಯ ಕಣ್ಣಿನ, ಅಂದರೆ ಕೋಡೊಲೆಯ, ತಳದ ದಿಬ್ಬ ಸವೆದಿದ್ದರೆ ಮಣ್ಣು ಏರಿಸಬೇಕು. ಅದಿಲ್ಲದಿದ್ದರೆ ಬಿಸಿಗಾಳಿ ನೆಲ ಹಿಡಿದು ಸೀದಾ ಕೊಳವೆಗೆ ಹೋಗುತ್ತದೆ, ಕೋಡೊಲೆಯ ಮೇಲಿನ ಬೇಳೆ ಬೇಯುವುದಿಲ್ಲ.

ಇನ್ನು ರೊಟ್ಟಿಯ ಮಾತು. ಕುಣಿಗಲ್ ಸೀಮೆ ಮುದ್ದೆಯ ನಾಡು. ಪಾತ್ರೆಯನ್ನು ಒಲೆಯೊಳಕ್ಕೆ ಇಳಿಸಿ ಬಾಯಿ ಮುಚ್ಚಿ ಉರಿಸಿದರೆ ಮುದ್ದೆ, ಸಾರು, ಅನ್ನಕ್ಕೆ ಸೊಗಸು. ಜೋಳದ ರೊಟ್ಟಿಗೆ ಹಂಚು ಬೇಕು. ಹಂಚಿನ ಅಡಿಗೆ ಹರಡಿದ ಉರಿ ಬೇಕು, ಕೊನೆಗೆ ಬಾಯಿಯ ಮುಂದೆ ಎಳೆದ ಕೆಂಡಕ್ಕೆ ಆನಿಸಿ ರೊಟ್ಟಿ ಉಬ್ಬಿಸಬೇಕು. ಬಾಯಿ ಮುಚ್ಚಿದ ಒಲೆಯಲ್ಲಿ ಆ ಕೆಂಡ ಕೈಗೆ ಸಿಗುವುದಿಲ್ಲ. ರೊಟ್ಟಿಯ ನಾಡಿನ ಹೆಣ್ಣುಮಕ್ಕಳು ಯೋಜನೆಯ ಒಲೆಯನ್ನು ಬದಿಗಿಟ್ಟರೆ ಅದು ಅವರ ಹಟವಲ್ಲ, ರೊಟ್ಟಿಯ ನ್ಯಾಯ. ಆದ್ದರಿಂದ ಇಲ್ಲಿ ಹಳೆಯ ಒಲೆ ತಿದ್ದುವಾಗ ಬಾಯಿಯ ಮುಂದೆ ಒಂದು ಗೇಣು ಅಗಲದ ಚಪ್ಪಟೆ ಜಗುಲಿ ಬಿಡಬೇಕು, ಜಾಳಿ ಆ ಜಗುಲಿಯ ಮಟ್ಟಕ್ಕೇ ಇರಬೇಕು. ಆಗ ಕೆಂಡ ಎಳೆದುಕೊಳ್ಳಲು ತೊಡಕಿಲ್ಲ. ಬಾಯಿಗೆ ತಗಡಿನ ಒಂದು ಸಡಿಲ ಬಾಗಿಲು ಇಟ್ಟುಕೊಂಡರೆ ಬೇಳೆ ಬೇಯುವಾಗ ಮುಚ್ಚಬಹುದು, ರೊಟ್ಟಿ ಬಡಿಯುವಾಗ ತೆಗೆಯಬಹುದು. ಕಡಕ ರೊಟ್ಟಿ ಮಾಡುವ ಮನೆಗೆ ಇನ್ನೂ ಒಂದು ಅನುಕೂಲವಿದೆ: ಒಲೆ ಆರಿದ ಮೇಲೂ ಕಟ್ಟೆಯ ಮೇಲೆ ಉಳಿಯುವ ಬೆಚ್ಚನೆ ರೊಟ್ಟಿಯನ್ನು ಒಣಗಿಸಿಕೊಡುತ್ತದೆ.

ಒಲೆಯ ಒಡಲು ಬದಲಿಸುವುದು ಬಡವರ ಮನೆಯ ಒದ್ದಾಟ ಎಂದು ಯಾರಾದರೂ ತಿಳಿದರೆ ಅದು ಸರಿಯಲ್ಲ. ಚಳಿದೇಶಗಳಲ್ಲಿ ಬೀಡಿನ ಸೌದೆ ಒಲೆ ಮನೆ ಬೆಚ್ಚಗಿಡುವ ಯಂತ್ರ. ಇಂಥ ಒಲೆ ಮಾಡುವ ನಾರ್ವೆಯ ಯೋತುಲ್ ಕಂಪನಿ 1853ರಷ್ಟು ಹಳೆಯದು. ಅಮೆರಿಕದ ಈಶಾನ್ಯದ ಹಿಮದ ರಾಜ್ಯಗಳಲ್ಲಿ ಹಳೆಯ ಮನೆ ಕೊಳ್ಳುವ ಕನ್ನಡ ಕುಟುಂಬಕ್ಕೂ ಇಂಥ ಒಲೆ ಮನೆಯ ಜೊತೆಗೇ ಬಂದೀತು. ಅಲ್ಲಿ ಅಂಗಡಿಗಳಲ್ಲಿ ಒಳಭಾಗಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ: ಬೆಂಕಿ ಇಟ್ಟಿಗೆ, ಜಾಳಿ, ಉರಿ ಬಳಸಿಕೊಂಡು ಹೋಗುವಂತೆ ಮಾಡುವ ತಡೆಹಲಗೆ, ಬಾಗಿಲಿನ ಸುತ್ತ ಕೂರಿಸುವ ಗಾಜಿನ ನಾರಿನ ಹಗ್ಗ. ಆ ಹಗ್ಗ ಸವೆದಿದೆಯೇ ಎಂದು ನೋಡಲು ಅವರಲ್ಲಿ ಸರಳ ಉಪಾಯವಿದೆ. ಬಾಗಿಲಿನ ಸಂದಿಗೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೆಯುತ್ತಾರೆ. ಸರಕ್ಕನೆ ಬಂದರೆ ಹಗ್ಗ ಬದಲಿಸುವ ಹೊತ್ತು. ಹೊಗೆಯ ಮೇಲೆ ಅಮೆರಿಕದಲ್ಲಿ 1988ರಿಂದ ಸರಕಾರದ ಕಟ್ಟಳೆಯಿದೆ. ಭಾರತದಲ್ಲಿಯೂ ಸೌದೆ ಒಲೆಗೆ ಐಎಸ್ 13152 ಎಂಬ ಮಾನಕವಿದೆ. 2013ರ ಪರಿಷ್ಕರಣೆಯ ಪ್ರಕಾರ ಸಹಜ ಗಾಳಿಯ ಒಲೆ ಕನಿಷ್ಠ ಶೇ. 25, ಫ್ಯಾನಿನ ಒಲೆ ಶೇ. 35ರಷ್ಟು ಕಾವನ್ನು ಪಾತ್ರೆಗೆ ಮುಟ್ಟಿಸಬೇಕು. ಹೊಸ ಒಲೆಯನ್ನು ಹೀಗೆ ಅಳೆದು ಒಪ್ಪಿಕೊಳ್ಳುವ ನಾವು ಬಿಡಿಭಾಗದ ಅಂಗಡಿಯನ್ನೂ ಕೇಳಬೇಕಿತ್ತು.

ಬಿಡಿಭಾಗವೂ ಉರುವಲೂ ಕೈತಪ್ಪಿದರೆ ಒಳ್ಳೆಯ ಒಲೆಗೂ ಏನಾಗುತ್ತದೆ ಎಂಬುದಕ್ಕೆ ಊರ್ಜಾ ಒಲೆಯ ಕಥೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎಚ್. ಎಸ್. ಮುಕುಂದ ಅವರ ತಂಡದ ತಂತ್ರದಿಂದ ಬಿಪಿ ಕಂಪನಿ 2006ರಲ್ಲಿ ಮಾರುಕಟ್ಟೆಗೆ ತಂದ ಒಲೆ ಅದು. ಒಳಗೆ ಸೆರಾಮಿಕ್ ಗೂಡು, ಕೆಳಗೆ ಪುಟ್ಟ ಫ್ಯಾನು, ಬ್ಯಾಟರಿ. ಕೃಷಿತ್ಯಾಜ್ಯವನ್ನು ಒತ್ತಿ ಮಾಡಿದ ಗುಳಿಗೆ ಅದರ ಉರುವಲು. ಉರಿ ಗ್ಯಾಸಿನ ಉರಿಗೆ ಹತ್ತಿರ, ಹೊಗೆ ಬಹಳ ಕಡಿಮೆ. ಸುಮಾರು ನಾಲ್ಕು ಲಕ್ಷ ಒಲೆ ಮನೆಗಳಿಗೆ ಹೋದವು. ಮುಂದೆ ಗುಳಿಗೆಯ ಬೆಲೆ ಏರಿತು, ಮನೆಬಳಕೆ ಕುಸಿಯಿತು. ತೊಗರಿ ಕಟಗಿಯನ್ನು ಅದರಲ್ಲಿ ಹಾಗೆಯೇ ತುರುಕಿ ಉರಿಸುವಂತಿಲ್ಲ. ಫ್ಯಾನು ಕೆಟ್ಟರೆ ಊರಿನ ಕಂಬಾರನ ಕೈಯಲ್ಲಿ ಪರಿಹಾರವಿಲ್ಲ. ವಿಜ್ಞಾನ ದೊಡ್ಡದಿತ್ತು. ಹಳ್ಳಿಯ ಪೇಟೆಯಲ್ಲಿ ಅದಕ್ಕೆ ಬೇರು ಮಾತ್ರ ಇಳಿಯಲಿಲ್ಲ.

ಗ್ಯಾಸ್ ಬಂದಿದೆಯಲ್ಲ, ಇನ್ನೇಕೆ ಒಲೆ ಎಂದು ಕೇಳುವವರಿಗೆ ಉತ್ತರ ಇದೇ ಸೀಮೆಯ ಹಿತ್ತಲುಗಳಲ್ಲಿದೆ. 2016ರ ಮೇ 1ರಂದು ಮೊದಲಾದ ಉಜ್ವಲಾ ಯೋಜನೆ ಕೋಟಿಗಟ್ಟಲೆ ಮನೆಗಳಿಗೆ ಸಿಲಿಂಡರ್ ತಂದುಕೊಟ್ಟಿತು, ಅದು ದೊಡ್ಡ ಉಪಕಾರ. ಚಹಾ, ಪಲ್ಯ ಗ್ಯಾಸಿನ ಮೇಲೆ ಆಗುತ್ತದೆ. ಇಪ್ಪತ್ತು ಮೂವತ್ತು ರೊಟ್ಟಿ, ಬಚ್ಚಲಿನ ನೀರು, ಎಮ್ಮೆಗೆ ಕುದಿಸುವ ಹತ್ತಿಕಾಳು, ಜಾತ್ರೆಯ ಹುಗ್ಗಿ ಬಹಳ ಕಡೆ ಇನ್ನೂ ಕಟಗಿಯ ಮೇಲೆಯೇ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು. ಗ್ಯಾಸು ಪೂರ್ತಿಯಾಗಿ ಒಲೆಯ ಜಾಗ ತೆಗೆದುಕೊಳ್ಳುವವರೆಗೆ ಉರಿಯುವ ಒಲೆ ನೆಟ್ಟಗೆ ಉರಿಯಲಿ ಎಂದು ಬಯಸುವುದು ಹಳೆಯ ಕಾಲಕ್ಕೆ ಮರಳುವ ಮಾತಲ್ಲ.

ಒಲೆ ತಿದ್ದುವ ಕೈಗಳಿಗೆ ಕೂಲಿಯೂ ಸಿಗಬೇಕು. ಕರ್ನಾಟಕದಲ್ಲಿ ಸ್ವಾತಿ ಭೋಗ್ಲೆ ಅವರ ಮುಂದಾಳುತನದ ಟೈಡ್ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳಿಗೆ ಸರಳ ಒಲೆ ಕಟ್ಟುವ ತರಬೇತಿ ಕೊಟ್ಟು ಅದನ್ನು ದುಡಿಮೆಯಾಗಿಸಿತು. ರೇಷ್ಮೆ ನೂಲುವವರಿಗೂ ಸಣ್ಣ ಉದ್ದಿಮೆಗಳಿಗೂ ಒಲೆ ರೂಪಿಸಿತು. 2008ರಲ್ಲಿ ಅದಕ್ಕೆ ಆಶ್ಡೆನ್ ಪ್ರಶಸ್ತಿ ಬಂತು. ಗಡಿಯ ಈಚೆಗೂ ಸ್ವಸಹಾಯ ಸಂಘಗಳಿವೆ, ಕುಂಬಾರರಿದ್ದಾರೆ, ಕಂಬಾರರಿದ್ದಾರೆ. ಊರಿಗೊಬ್ಬ ಹೆಣ್ಣುಮಗಳ ಬಳಿ ಎರಡು ಅಳತೆಯ ಜಾಳಿ, ಒಂದು ಕಣ್ಣಿನ ಅಚ್ಚು, ಕೊಳವೆ ಬಳಿಯುವ ಬಿದಿರು ಇದ್ದರೆ ವರ್ಷಕ್ಕೊಮ್ಮೆ ಮನೆಮನೆ ತಿರುಗಿ ಒಲೆ ನೋಡಿಕೊಡಬಹುದು. ಬಂಬಕ್ಕೆ ತಾಂಬಟರು ಇದ್ದಂತೆ ಒಲೆಗೆ ಅವಳು.

ತಿದ್ದಿದ ಒಲೆಗೆ ಅದೇ ದಿನ ದೊಡ್ಡ ಉರಿ ಹಾಕಬಾರದು. ಹಸಿಮಣ್ಣಿನ ನೀರು ಒಮ್ಮೆಲೇ ಆವಿಯಾದರೆ ಒಳಪದರ ಸಿಡಿದು ಬೀಳುತ್ತದೆ. ಎಂಟು ದಿನ ನೆರಳಲ್ಲಿ ಆರಬೇಕು, ಸೀಳು ಕಂಡಲ್ಲಿ ಒದ್ದೆ ಬೆರಳಿನಿಂದ ಒತ್ತಿ ಮುಚ್ಚುತ್ತಿರಬೇಕು. ಒಂಬತ್ತನೆಯ ದಿನ ಒಂದು ಹಿಡಿ ತೊಗರಿ ಕಟಗಿ, ಮರುದಿನ ಎರಡು ಹಿಡಿ, ಮೂರನೆಯ ದಿನ ಅರ್ಧ ಗಂಟೆಯ ಉರಿ. ಆಮೇಲೆ ಹಂಚು ಇಡಬಹುದು. ದೀಪಾವಳಿಯ ಜಾತ್ರೆಗೆ ಬರುವ ಬೀಗರಿಗೆ ಈ ಒಲೆಯ ಮೇಲೆಯೇ ರೊಟ್ಟಿ ಬಡಿಯಬೇಕೆಂದಿರುವವರು ದಸರೆಯ ಬನ್ನಿ ಮುಡಿದ ಮರುದಿನವೇ ಹಳೆಯ ಜಾಳಿ ಕಿತ್ತು, ಕಾಗದದ ಮೇಲೆ ಅಳತೆ ಬರೆದುಕೊಂಡು ಕಂಬಾರರ ಅಂಗಡಿಗೆ ಹೋಗಬೇಕು. ಬಂಬದ ಜಾಳಿಯೂ ಬಾಗಿದ್ದರೆ ಅದೇ ಕಾಗದದ ಇನ್ನೊಂದು ಮಗ್ಗುಲಿಗೆ ಅದರ ಅಳತೆಯನ್ನೂ ಬರೆದುಕೊಳ್ಳಬಹುದು.